ಬೀರುವಿನಷ್ಟಿದ್ದ ಸಿಂಥಸೈಜರ್ ಪೆಟ್ಟಿಗೆಯೊಳಗೆ ಬಂದ ಕಥೆ

ಪಿಯುಸಿ ಓದುವ ನನ್ನ ಅಕ್ಕನ ಮಗ ಮೊನ್ನೆ ಮೊಬೈಲಿಗೆ ಒಂದು ಮ್ಯೂಸಿಕ್ ಆಪ್ ಹಾಕಿಕೊಂಡ. ಹಾಡು ಕೇಳುವ ಆಪ್ ಅಲ್ಲ, ಹಾಡು ಕಟ್ಟುವ ಆಪ್. ತೆರೆದರೆ ಪರದೆ ತುಂಬ ನಾಬ್‌ಗಳ ಚಿತ್ರ. ಹಳೆಯ ರೇಡಿಯೋದಲ್ಲಿ ಇರುತ್ತಿದ್ದವಲ್ಲ, ಅಂಥವು. ಒಂದರ ಕೆಳಗೆ ಕಟಾಫ್ ಎಂದಿದೆ, ಇನ್ನೊಂದರ ಕೆಳಗೆ ರೆಸೊನೆನ್ಸ್. ಆಮೇಲೆ ಆಸಿಲೇಟರ್, ಎನ್ವೆಲಪ್, ಎಲ್‌ಎಫ್‌ಓ. "ಮಾಮ, ಇವೆಲ್ಲ ಏನು? ಮೊಬೈಲಿಗೆ ನಾಬ್ ಯಾಕೆ?" ಅಂತ ಕೇಳಿದ.

ಈಗ ಇಂಥ ಆಪ್‌ಗಳು ಪುಕ್ಕಟೆ ಸಿಗುತ್ತವೆ. ಮನೆಯಲ್ಲೇ ಕೂತು ಟ್ರ್ಯಾಕ್ ಮಾಡುವ ಹುಡುಗ ಹುಡುಗಿಯರು ಜಾಸ್ತಿಯಾಗಿದ್ದಾರೆ. ಅವರೆಲ್ಲ ದಿನಾ ತಿರುಗಿಸುವ ಆ ನಾಬ್‌ಗಳು ಬಂದಿರುವುದು 1970 ಮತ್ತು 80ರ ದಶಕಗಳ ಕೆಲವು ಪುಟ್ಟ ಯಂತ್ರಗಳಿಂದ. ವಿದ್ಯುತ್ತಿನಿಂದ ದನಿ ಹುಟ್ಟಿಸುವ ಈ ವಾದ್ಯಗಳಿಗೆ ಅನಲಾಗ್ ಸಿಂಥಸೈಜರ್ ಎಂದು ಹೆಸರು. ಕೈಯಲ್ಲಿ ಹಿಡಿದು ಹೊರಡಬಹುದಾದ ಈ ಪೆಟ್ಟಿಗೆಗಳು ಹೇಗೆ ಕೆಲಸ ಮಾಡುತ್ತಿದ್ದವು, ಇವತ್ತಿಗೂ ಅವುಗಳ ನೆರಳು ಯಾಕೆ ಉಳಿದಿದೆ ಎಂಬುದನ್ನು ಬುಡದಿಂದ ನೋಡೋಣ.

ನಿಮ್ಮ ಗಂಟಲಿನಿಂದಲೇ ಶುರು

ಒಂದು ಸಣ್ಣ ಪ್ರಯೋಗ ಮಾಡಿ. ಯಾವುದಾದರೂ ಒಂದು ಶ್ರುತಿ ಹಿಡಿದು "ಉ" ಎನ್ನಿ. ಉಸಿರು ನಿಲ್ಲಿಸದೆ, ಶ್ರುತಿ ಬದಲಿಸದೆ, ಬಾಯನ್ನು ಮಾತ್ರ ನಿಧಾನಕ್ಕೆ ತೆರೆಯುತ್ತಾ "ಉ… ಓ… ಆ" ಎಂದು ಎಳೆಯಿರಿ. ಸ್ವರ ಅದೇ ಇದೆ. ಆದರೆ ದನಿ ಮಂಕಾಗಿದ್ದದ್ದು ಬೆಳಗಿದ ಹಾಗಾಯಿತು, ಅಲ್ವಾ?

ಇಷ್ಟು ಹೊತ್ತಿನಲ್ಲಿ ನೀವು ಮೂರು ಕೆಲಸ ಮಾಡಿದಿರಿ. ಗಂಟಲು ದನಿ ಹುಟ್ಟಿಸಿತು. ಬಾಯಿ ಆ ದನಿಗೆ ಆಕಾರ ಕೊಟ್ಟಿತು. ಉಸಿರು ಅದನ್ನು ಯಾವಾಗ ಏರಿಸಬೇಕು, ಯಾವಾಗ ನಿಲ್ಲಿಸಬೇಕು ಎಂದು ತೀರ್ಮಾನಿಸಿತು. ಅನಲಾಗ್ ಸಿಂಥಸೈಜರ್ ಒಳಗಿರುವುದೂ ಈ ಮೂರೇ.

ಗಂಟಲಿನ ಜಾಗದಲ್ಲಿ ಇರುವುದು ಆಸಿಲೇಟರ್. ಇದೊಂದು ಚಿಕ್ಕ ಸರ್ಕ್ಯೂಟ್. ಇದರಲ್ಲಿ ವೋಲ್ಟೇಜ್ ಸೆಕೆಂಡಿಗೆ ನೂರಾರು ಸಲ ಏರಿ ಇಳಿಯುತ್ತದೆ. ಅದನ್ನು ಸ್ಪೀಕರಿಗೆ ಕೊಟ್ಟರೆ ಸ್ಪೀಕರಿನ ಪರದೆ ಅಷ್ಟೇ ಸಲ ಹಿಂದೆ ಮುಂದೆ ಆಡಿ ಸ್ವರ ಕೇಳುತ್ತದೆ. ಏರಿಳಿತ ಹೇಗಿದೆ ಎಂಬುದರ ಮೇಲೆ ದನಿಯ ಬಣ್ಣ. ಜಾರುಬಂಡೆಯ ಮೆಟ್ಟಿಲು ಹತ್ತಿ ಜರ್ರನೆ ಜಾರಿದ ಹಾಗೆ ನಿಧಾನಕ್ಕೆ ಏರಿ ತಟ್ಟನೆ ಬಿದ್ದರೆ ಅದು ಗರಗಸದ ಹಲ್ಲಿನ ಆಕಾರ, ಸಾ-ಟೂತ್. ಜೇನುಗೂಡಿನ ಹಾಗೆ ಝೇಂಕರಿಸುತ್ತದೆ. ಸ್ವಿಚ್ ಹಾಕಿ ತೆಗೆದ ಹಾಗೆ ಮೇಲೆ ಕೆಳಗೆ ನೆಗೆದರೆ ಅದು ಚೌಕದ ಆಕಾರ, ಸ್ಕ್ವೇರ್. ಕ್ಲಾರಿನೆಟ್ಟಿನಂತೆ ಕೊಂಚ ಟೊಳ್ಳು ದನಿ.

ಬಾಯಿಯ ಕೆಲಸ ಫಿಲ್ಟರಿನದು. ಇದನ್ನು ತಿಳಿಯಲು ತಂಬೂರಿಯ ಹತ್ತಿರ ಕೂರಬೇಕು. ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯಲ್ಲಿ ಮಂದ್ರ ಷಡ್ಜದ ತಂತಿ ಮೀಟಿದರೆ, ಯಾರೂ ಮೀಟದ ಗಾಂಧಾರವೂ ತೇಲಿ ಬರುತ್ತದೆ. ನಮ್ಮವರು ಅದನ್ನು ಸ್ವಯಂಭು ಎನ್ನುತ್ತಾರೆ. ಅಂದರೆ ಒಂದು ನಾದದೊಳಗೆ ಹಲವು ಮೇಲಿನ ನಾದಗಳು ಅಡಗಿವೆ. ಸಿಂಥಸೈಜರಿನ ಫಿಲ್ಟರ್ ಆ ಮೇಲಿನ ನಾದಗಳನ್ನು ಸೋಸುತ್ತದೆ. ಎಲ್ಲಿಂದ ಮೇಲೆ ಸೋಸಬೇಕು ಎಂದು ಹೇಳುವ ನಾಬ್ ಕಟಾಫ್. ಅದನ್ನು ಇಳಿಸಿದರೆ ಬಾಯಿ ಮುಚ್ಚಿದ "ಉ", ಏರಿಸಿದರೆ ಬಾಯಿ ತೆರೆದ "ಆ". ರೆಸೊನೆನ್ಸ್ ಎಂದರೆ, ಸೋಸುವ ಗೆರೆಯ ಹತ್ತಿರದ ನಾದವನ್ನು ಉಬ್ಬಿಸುವುದು. ಬಚ್ಚಲುಮನೆಯಲ್ಲಿ ಹಾಡುವಾಗ ಯಾವುದೋ ಒಂದು ಸ್ವರ ಮಾತ್ರ ಗುಂಯ್ ಎಂದು ದೊಡ್ಡದಾಗುತ್ತದಲ್ಲ, ಅದೇ.

ಉಸಿರಿನ ಕೆಲಸ ಎನ್ವೆಲಪ್‌ನದು. ವೀಣೆಯ ತಂತಿ ಮೀಟಿದ ಕೂಡಲೇ ನಾದ ಚಿಮ್ಮಿ, ತಾನಾಗಿ ಕರಗುತ್ತದೆ. ನಾಗಸ್ವರದಲ್ಲಿ ಊದುವವರೆಗೂ ನಿಲ್ಲುತ್ತದೆ. ಪಿಟೀಲಿನಲ್ಲಿ ಕಮಾನು ಒತ್ತಿದಂತೆ ಮೆಲ್ಲಗೆ ಏರುತ್ತದೆ. ಹುಟ್ಟುವುದು, ಇಳಿಯುವುದು, ನಿಲ್ಲುವುದು, ಕರಗುವುದು ಎಷ್ಟೆಷ್ಟು ಹೊತ್ತು ಎಂದು ಹೇಳುವ ನಾಬ್‌ಗಳ ಗುಂಪೇ ಎನ್ವೆಲಪ್. ಇನ್ನು ಎಲ್‌ಎಫ್‌ಓ ತುಂಬಾ ನಿಧಾನದ ಒಂದು ಆಸಿಲೇಟರ್. ಅದು ಕಿವಿಗೆ ಕೇಳುವುದಿಲ್ಲ. ನಿಮ್ಮ ಬದಲು ಅದೇ ಯಾವುದಾದರೂ ನಾಬನ್ನು ಒಂದೇ ಲಯದಲ್ಲಿ ಅತ್ತಿತ್ತ ತಿರುಗಿಸುತ್ತಿರುತ್ತದೆ.

ಅನಲಾಗ್ ಎಂದು ಯಾಕೆ ಕರೆಯುತ್ತಾರೆ? ಇಲ್ಲಿ ಎಲ್ಲವೂ ನೇರ ವೋಲ್ಟೇಜ್. ಅಂಕಿಗಳಿಲ್ಲ, ಕಂಪ್ಯೂಟರ್ ಇಲ್ಲ. ಕೀಲಿ ಒತ್ತಿದರೆ ಇಷ್ಟು ವೋಲ್ಟೇಜ್ ಹೋಗುತ್ತದೆ, ಆಸಿಲೇಟರ್ ಅದಕ್ಕೆ ತಕ್ಕ ಶ್ರುತಿ ಕೊಡುತ್ತದೆ. ಹಲವು ಕಂಪನಿಗಳು ಒಪ್ಪಿಕೊಂಡ ಲೆಕ್ಕ ಬಹಳ ಸರಳ. ಒಂದು ವೋಲ್ಟ್ ಜಾಸ್ತಿಯಾದರೆ ಒಂದು ಸ್ಥಾಯಿ ಮೇಲೆ.

ಬೀರುವಿನ ಕಾಲ

ಅಮೆರಿಕದ ಎಂಜಿನಿಯರ್ ರಾಬರ್ಟ್ ಮೂಗ್ 1964ರಲ್ಲಿ, ಸಂಗೀತಗಾರ ಹರ್ಬರ್ಟ್ ಡಾಯ್ಚ್ ಜೊತೆ ಸೇರಿ ಇಂಥ ಸರ್ಕ್ಯೂಟ್‌ಗಳ ಮೊದಲ ಮಾದರಿ ಮಾಡಿದರು. ಆಗ ಆಸಿಲೇಟರ್ ಒಂದು ಡಬ್ಬಿ, ಫಿಲ್ಟರ್ ಇನ್ನೊಂದು ಡಬ್ಬಿ. ಎಲ್ಲವನ್ನೂ ಮರದ ಚೌಕಟ್ಟಿನಲ್ಲಿ ಜೋಡಿಸಿಡುತ್ತಿದ್ದರು. ಒಂದರ ದನಿ ಇನ್ನೊಂದಕ್ಕೆ ಹೋಗಬೇಕಾದರೆ ಕೈಯಿಂದ ವೈರ್ ಚುಚ್ಚಬೇಕು. ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್‌ಗಳು ಟ್ರಂಕ್ ಕಾಲ್ ಕೂಡಿಸುತ್ತಿದ್ದ ಹಾಗೆ. ಒಂದು ದನಿ ಸಿದ್ಧವಾಗುವಷ್ಟರಲ್ಲಿ ಮುಂದೆ ವೈರ್‌ಗಳ ಬಲೆಯೇ ನೇತಾಡುತ್ತಿತ್ತು. ಆ ದನಿ ನಾಳೆ ಮತ್ತೆ ಬೇಕೆಂದರೆ ಎಲ್ಲ ಬರೆದಿಟ್ಟುಕೊಳ್ಳಬೇಕು.

ಇಂಥದೊಂದು ಮೂಗ್ ಯಂತ್ರ ಭಾರತಕ್ಕೂ ಬಂತು. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅದನ್ನು ಜೋಡಿಸಿಕೊಟ್ಟರು. ಸಂಗೀತಗಾರ್ತಿ ಗೀತಾ ಸಾರಾಭಾಯಿ ಮತ್ತು ಇನ್ನೂ ಕೆಲವರು ಅದರಲ್ಲಿ ಪ್ರಯೋಗ ಮಾಡಿದರು. ಆ ಧ್ವನಿಸುರುಳಿಗಳು ದಶಕಗಳ ಕಾಲ ಹೊರಗೆ ಕೇಳಲೇ ಇಲ್ಲ. 2023ರಲ್ಲಿ ಅವು ಆಲ್ಬಂ ಆಗಿ ಬಂದವು. ನಮ್ಮ ದೇಶದಲ್ಲಿ ಅಷ್ಟು ಹಿಂದೆಯೇ ಈ ಕೆಲಸ ನಡೆದಿತ್ತು ಎಂದು ತಿಳಿದಾಗ ನನಗೆ ನಿಜಕ್ಕೂ ರೋಮಾಂಚನವಾಯಿತು. ಆದರೆ ಆ ಯಂತ್ರ ಒಂದು ಕೋಣೆಯಲ್ಲಿ ಇತ್ತು. ಸಂಗೀತಗಾರರೇ ಅದರ ಹತ್ತಿರ ಹೋಗಬೇಕಿತ್ತು.

ಊಟದ ಬಿಡುವಿನಲ್ಲಿ ಹುಟ್ಟಿದ್ದು

ನಮ್ಮ ಕಂಪನಿ ನಾಟಕಗಳಲ್ಲಿ ಲೆಗ್ ಹಾರ್ಮೋನಿಯಂ ಇರುತ್ತಿತ್ತು. ಕಾಲಿನಿಂದ ತುಳಿದು ಗಾಳಿ ತುಂಬುವ, ಮೇಜಿನಷ್ಟು ಎತ್ತರದ ವಾದ್ಯ. ಅದೇ ವಾದ್ಯ ಕೈಯಿಂದ ಗಾಳಿ ಹಾಕುವ ಪೆಟ್ಟಿಗೆಯಾದ ಮೇಲೆ ಭಜನೆಗೆ, ಮನೆಪಾಠಕ್ಕೆ, ಹಳ್ಳಿಯ ಕಟ್ಟೆಗೆ ಹೋಯಿತು. ಸಿಂಥಸೈಜರಿಗೂ ಅಂಥದೇ ಒಂದು ತಿರುವು ಬಂದಿದ್ದು 1970ರಲ್ಲಿ.

ಮೂಗ್ ಕಂಪನಿಯಲ್ಲಿ ಬಿಲ್ ಹೆಮ್ಸಾತ್ ಎಂಬ ಎಂಜಿನಿಯರ್ ಇದ್ದರು. ಅವರು ಊಟದ ಬಿಡುವಿನಲ್ಲಿ, ಕಾರ್ಖಾನೆಯಲ್ಲಿ ಬಿದ್ದಿದ್ದ ಹಳೆ ಭಾಗಗಳನ್ನು ಕೂಡಿಸಿ ಒಂದು ಚಿಕ್ಕ ಯಂತ್ರ ಮಾಡಿದರು. ಅದನ್ನು ತಿದ್ದಿ ತೀಡಿ ಮಾರುಕಟ್ಟೆಗೆ ಬಿಟ್ಟದ್ದು ಮಿನಿಮೂಗ್. ಮೂರು ಆಸಿಲೇಟರ್, ಒಂದು ಫಿಲ್ಟರ್, 44 ಕೀಲಿ. ಮುಖ್ಯ ಬದಲಾವಣೆ ಹೊರಗೆ ಕಾಣುವುದಿಲ್ಲ. ಕೈಯಿಂದ ಚುಚ್ಚಬೇಕಿದ್ದ ವೈರ್‌ಗಳನ್ನೆಲ್ಲ ಒಳಗೇ ಬೆಸುಗೆ ಹಾಕಿಬಿಟ್ಟಿದ್ದರು. ಆಸಿಲೇಟರಿನಿಂದ ಫಿಲ್ಟರಿಗೆ, ಅಲ್ಲಿಂದ ಹೊರಕ್ಕೆ. ದಾರಿ ಒಂದೇ.

ಇದರಿಂದ ನಷ್ಟವೂ ಆಯಿತು. ಬೇಕೆಂದ ಹಾಗೆ ಜೋಡಿಸುವ ಸ್ವಾತಂತ್ರ್ಯ ಹೋಯಿತು. ಆದರೆ ವೈರ್ ಹುಡುಕುತ್ತಿದ್ದ ಕೈ ಬಿಡುವಾಯಿತು, ವೇದಿಕೆಯ ಮೇಲೆ ನುಡಿಸಲು ಆಯಿತು. ಇವತ್ತಿನ ಆಪ್‌ಗಳಲ್ಲೂ ನಾಬ್‌ಗಳು ಬಹುಪಾಲು ಇದೇ ಸಾಲಿನಲ್ಲಿ ಕೂತಿವೆ. ನನ್ನ ಮಟ್ಟಿಗೆ ಮಿನಿಮೂಗ್ ಬಿಟ್ಟುಹೋದ ದೊಡ್ಡ ಆಸ್ತಿ ಈ ದಾರಿಯೇ.

ಕೀಲಿಮಣೆಯ ಎಡಗಡೆ ಎರಡು ಚಕ್ರಗಳಿದ್ದವು. ಒಂದನ್ನು ತಿರುಗಿಸಿದರೆ ಸ್ವರ ಬಾಗುತ್ತದೆ. ನಮ್ಮ ಸಂಗೀತ ಬಲ್ಲವರಿಗೆ ಇದರ ಬೆಲೆ ಬೇಗ ತಿಳಿಯುತ್ತದೆ. ಹಾರ್ಮೋನಿಯಂ ಮೇಲಿನ ಹಳೆಯ ದೂರೇ ಅದಲ್ಲವೇ, ಗಮಕ ಬರುವುದಿಲ್ಲ ಎಂಬುದು? 1940ರಿಂದ 1971ರವರೆಗೆ ಆಕಾಶವಾಣಿ ಅದನ್ನು ದೂರವೇ ಇಟ್ಟಿತ್ತು. ಮಿನಿಮೂಗ್‌ನಲ್ಲಿ ಬಲಗೈ ಕೀಲಿ ಒತ್ತಿದರೆ ಎಡಗೈ ಸ್ವರವನ್ನು ಎಳೆಯಬಹುದಿತ್ತು. ಭಾರತೀಯ ಸಂಗೀತದ ಹುಚ್ಚು ಹತ್ತಿಸಿಕೊಂಡಿದ್ದ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ಕಟ್ಟಿದ ಮಹಾವಿಷ್ಣು ಆರ್ಕೆಸ್ಟ್ರಾದಲ್ಲಿ ಯಾನ್ ಹಮ್ಮರ್ ಈ ಚಕ್ರ ಹಿಡಿದು ಗಿಟಾರಿಗೆ ಸರಿಸಮ ಉತ್ತರ ಕೊಡುತ್ತಿದ್ದರು. ಕಣ್ಣು ಮುಚ್ಚಿ ಕೇಳಿದರೆ ಯಾವುದು ತಂತಿ, ಯಾವುದು ಯಂತ್ರ ಎಂದು ತಕ್ಷಣ ಹೇಳುವುದು ಕಷ್ಟ.

ಮಿನಿಮೂಗ್ ಒಂದು ಸಲಕ್ಕೆ ಒಂದೇ ಸ್ವರ ನುಡಿಸುತ್ತಿತ್ತು. ಪಿಯಾನೋ ಅಭ್ಯಾಸವಿದ್ದವರಿಗೆ ಇದು ದೊಡ್ಡ ಕೊರತೆ. ಕೊಳಲು, ನಾಗಸ್ವರ ಕೇಳಿ ಬೆಳೆದವರಿಗೆ ಕೊರತೆ ಅನಿಸುವುದಿಲ್ಲ.

ಅದರ ದಪ್ಪ ದನಿಗೆ ಒಂದು ತಪ್ಪು ಲೆಕ್ಕವೂ ಕಾರಣ. ಫಿಲ್ಟರಿಗೆ ಎಷ್ಟು ಬಲದ ಸಿಗ್ನಲ್ ಹೋಗಬೇಕಿತ್ತೋ ಅದಕ್ಕಿಂತ ಜಾಸ್ತಿ ಹೋಗುತ್ತಿತ್ತು. ಫಿಲ್ಟರ್ ಸ್ವಲ್ಪ ಉಸಿರುಗಟ್ಟಿದ ಹಾಗಾಗಿ ದನಿಗೆ ಒಂದು ಗಡಸು ಬರುತ್ತಿತ್ತು. ಕೇಳಿದವರಿಗೆ ಅದೇ ಇಷ್ಟವಾಯಿತು. ಇನ್ನೊಂದು ತೊಂದರೆ ಬಿಸಿಯದು. ಆಸಿಲೇಟರಿನ ಟ್ರಾನ್ಸಿಸ್ಟರ್‌ಗಳು ಬಿಸಿ ಏರಿದರೆ ಬೇರೆ ರೀತಿ ವರ್ತಿಸುತ್ತವೆ. ಹಾಗಾಗಿ ಶ್ರುತಿ ಜಾರುತ್ತಿತ್ತು, ಮೊದಮೊದಲ ಯಂತ್ರಗಳಲ್ಲಿ ಇನ್ನೂ ಜಾಸ್ತಿ. ಕಛೇರಿಗೆ ಮುಂಚೆಯೇ ಆನ್ ಮಾಡಿ ಯಂತ್ರ ಬೆಚ್ಚಗಾಗಲು ಬಿಡುತ್ತಿದ್ದರು. ಮೃದಂಗ ಹದ ಮಾಡುವುದಿಲ್ಲವೇ, ಹಾಗೆ. ಮೂರು ಆಸಿಲೇಟರ್‌ಗಳು ಕೂದಲೆಳೆಯಷ್ಟು ಬೇರೆ ಶ್ರುತಿಯಲ್ಲಿ ಇದ್ದಾಗ ದನಿ ಅಲೆಅಲೆಯಾಗಿ ತುಂಬಿಕೊಳ್ಳುತ್ತದೆ. ಈಗಿನ ಸಾಫ್ಟ್‌ವೇರ್ ಸಿಂಥಸೈಜರ್‌ಗಳಲ್ಲಿ ಈ ಜಾರುವಿಕೆಯನ್ನು ಬೇಕೆಂದೇ ಸೇರಿಸುತ್ತಾರೆ, ಅದಕ್ಕೊಂದು ನಾಬ್ ಬೇರೆ.

ಸೂಟ್‌ಕೇಸ್ ತೆರೆದರೆ

ಲಂಡನ್ನಿನ ಇಎಂಎಸ್ ಕಂಪನಿ ಬೇರೆ ದಾರಿ ಹಿಡಿಯಿತು. ಪೀಟರ್ ಜಿನೋವಿಯೆಫ್, ಟ್ರಿಸ್ಟ್ರಾಮ್ ಕ್ಯಾರಿ, ಡೇವಿಡ್ ಕಾಕರೆಲ್ ಎಂಬ ಮೂವರು ಸೇರಿ 1969ರಲ್ಲಿ ವಿಸಿಎಸ್-3 ಎಂಬ ಯಂತ್ರ ತಂದರು. 1971ರಲ್ಲಿ ಅದರ ಒಳಗಿನದ್ದನ್ನೆಲ್ಲ ಒಂದು ಬ್ರೀಫ್‌ಕೇಸಿನಲ್ಲಿ ಕೂರಿಸಿ ಸಿಂಥಿ-ಎ ಎಂದು ಹೆಸರಿಟ್ಟರು. ಸ್ಪೀಕರ್ ಕೂಡ ಒಳಗೇ.

ಇವರು ಜೋಡಿಸುವ ಸ್ವಾತಂತ್ರ್ಯವನ್ನು ಬಿಡಲಿಲ್ಲ, ವೈರ್‌ಗಳನ್ನು ಮಾತ್ರ ಬಿಟ್ಟರು. ಪೆಟ್ಟಿಗೆಯ ನಡುವೆ ಒಂದು ಚೌಕ. ಅಡ್ಡಕ್ಕೆ 16, ಉದ್ದಕ್ಕೆ 16, ಒಟ್ಟು 256 ತೂತು. ಶಾಲೆಯ ವೇಳಾಪಟ್ಟಿ ನೆನಪಿಸಿಕೊಳ್ಳಿ. ಒಂದು ಕಡೆ ವಾರ, ಇನ್ನೊಂದು ಕಡೆ ಪಿರಿಯಡ್. ಎರಡೂ ಕೂಡುವ ಮನೆಯಲ್ಲಿ ಪಾಠದ ಹೆಸರು. ಹಾಗೇ ಇಲ್ಲಿ ಒಂದು ಕಡೆ ದನಿ ಎಲ್ಲಿಂದ ಹೊರಡುತ್ತದೆ, ಇನ್ನೊಂದು ಕಡೆ ಎಲ್ಲಿಗೆ ಹೋಗುತ್ತದೆ. ಎರಡೂ ಕೂಡುವ ತೂತಿಗೆ ಒಂದು ಪುಟ್ಟ ಪಿನ್ ಚುಚ್ಚಿದರೆ ಸಂಪರ್ಕ ಆಯಿತು. ಪಿನ್‌ಗಳ ಚಿತ್ತಾರ ನೋಡಿಯೇ ದನಿ ಹೇಗಿರಬಹುದು ಎಂದು ಊಹಿಸಬಹುದಿತ್ತು.

1972ರ ಮಾದರಿಯ ಮುಚ್ಚಳದಲ್ಲಿ ಸೀಕ್ವೆನ್ಸರ್ ಬಂತು. ಸೀಕ್ವೆನ್ಸರ್ ಎಂದರೆ ನೀವು ಒಮ್ಮೆ ನುಡಿಸಿದ ಸ್ವರಗಳನ್ನು ನೆನಪಿಟ್ಟುಕೊಂಡು ತಿರುಗಿಸಿ ತಿರುಗಿಸಿ ನುಡಿಸುವ ಭಾಗ. ಇಂಗ್ಲೆಂಡಿನ ರಾಕ್ ತಂಡ ಪಿಂಕ್ ಫ್ಲಾಯ್ಡ್ 1973ರಲ್ಲಿ ಹೊರತಂದ "ಆನ್ ದ ರನ್" ಮಾಡಿದ್ದು ಇದರಲ್ಲೇ. ಎಂಟು ಸ್ವರ ಹಾಕಿ, ವೇಗವನ್ನು ಮಿತಿಮೀರಿ ಏರಿಸಿ, ಅದು ಓಡುತ್ತಿರುವಾಗ ಫಿಲ್ಟರನ್ನು ತೆರೆದು ಮುಚ್ಚಿದರು. ಸ್ವರಗಳು ಬದಲಾಗುವುದಿಲ್ಲ, ಬಾಯಿ ಮಾತ್ರ ಬದಲಾಗುತ್ತದೆ. ಶುರುವಿನಲ್ಲಿ ನೀವು ಮಾಡಿದ "ಉ… ಓ… ಆ" ಇಲ್ಲಿ ಇಡೀ ಹಾಡಾಗಿದೆ.

ಬ್ಯಾಟರಿ ಹಾಕಿದರೆ ಸಾಕು

ಆಮೇಲೆ ಯಂತ್ರಗಳು ಇನ್ನೂ ಚಿಕ್ಕದಾದವು, ಅಗ್ಗವಾದವು. 1978ರಲ್ಲಿ ಇಂಗ್ಲೆಂಡಿನಲ್ಲಿ ವಾಸ್ಪ್ ಬಂತು. ಕಣಜದ ಹಾಗೆ ಕಪ್ಪು ಹಳದಿ ಬಣ್ಣ, ಅದಕ್ಕೇ ಆ ಹೆಸರು. ಒತ್ತಿದರೆ ಇಳಿಯುವ ಕೀಲಿಗಳೇ ಇಲ್ಲ, ಚಪ್ಪಟೆ ಹಲಗೆಯನ್ನು ಮುಟ್ಟಿದರೆ ಸ್ವರ. ಬೆಲೆ 200 ಪೌಂಡಿಗಿಂತ ಕಡಿಮೆ. 1982ರಲ್ಲಿ ಯಮಹಾದ ಸಿಎಸ್-01 ಬಂತು. ಅದಕ್ಕೆ ಕೊಳವೆ ಸಿಕ್ಕಿಸಿ ಊದಿದರೆ ಉಸಿರಿನಂತೆ ದನಿ ಏರಿಳಿಯುತ್ತಿತ್ತು. ಅದೇ ವರ್ಷ ಬಂದ ರೋಲ್ಯಾಂಡ್ ಕಂಪನಿಯ ಎಸ್‌ಎಚ್-101 ಅನ್ನು ಪಟ್ಟಿ ಕಟ್ಟಿ ಗಿಟಾರಿನಂತೆ ಹೆಗಲಿಗೆ ಹಾಕಿಕೊಳ್ಳಬಹುದಿತ್ತು.

ಗಿಟಾರಿನ ಪಕ್ಕ ಕೂರಬೇಕಿದ್ದ ಬೆಳ್ಳಿ ಬಣ್ಣದ ಡಬ್ಬಿ

ಈ ಎಲ್ಲ ಯಂತ್ರಗಳಲ್ಲಿ ನನಗೆ ಜಾಸ್ತಿ ಪ್ರೀತಿ ರೋಲ್ಯಾಂಡ್ ಟಿಬಿ-303 ಮೇಲೆ. ಊಟದ ಡಬ್ಬಿಯಷ್ಟಿರುವ ಈ ಪುಟ್ಟ ಪೆಟ್ಟಿಗೆಯನ್ನು ವಿನ್ಯಾಸ ಮಾಡಿದವರು ಜಪಾನಿನ ತಾಡಾವೊ ಕಿಕುಮೊಟೊ. ಅಂಗಡಿಗೆ ಬಂದದ್ದು 1981ರ ಕೊನೆಯ ಹೊತ್ತಿಗೆ. ಉದ್ದೇಶ ಸರಳವಾಗಿತ್ತು. ಮನೆಯಲ್ಲಿ ಒಬ್ಬರೇ ಗಿಟಾರ್ ಅಭ್ಯಾಸ ಮಾಡುವಾಗ ಹಿಂದೆ ಬೇಸ್ ಗಿಟಾರ್ ನುಡಿಸಲು ಜೊತೆಗಾರ ಬೇಕಲ್ಲ, ಆ ಜಾಗ ಇದು ತುಂಬಬೇಕಿತ್ತು.

ತುಂಬಲಿಲ್ಲ. ಬೇಸ್ ಗಿಟಾರಿನಂತೆ ಅದು ಕೇಳಿಸುತ್ತಲೇ ಇರಲಿಲ್ಲ. ಸ್ವರ ತುಂಬುವುದೂ ತ್ರಾಸು. ಮೊದಲು ಬರೀ ಸ್ವರಗಳನ್ನು ಸಾಲಾಗಿ ಒತ್ತಬೇಕು. ಆಮೇಲೆ ಬೇರೆಯಾಗಿ ಅವುಗಳ ಕಾಲಪ್ರಮಾಣ ತುಂಬಬೇಕು. ಸಾಹಿತ್ಯವನ್ನು ಒಂದು ಹಾಳೆಯಲ್ಲಿ, ತಾಳವನ್ನು ಇನ್ನೊಂದು ಹಾಳೆಯಲ್ಲಿ ಬರೆದು ಹೊಂದಿಸಿದ ಹಾಗೆ. ಒಂದು ಕಡೆ ತಪ್ಪಿದರೆ ಎಂದೂ ಅಂದುಕೊಳ್ಳದ ಪಲುಕು ಹೊರಬರುತ್ತಿತ್ತು. ಸುಮಾರು 10 ಸಾವಿರ ಯಂತ್ರ ಮಾಡಿ 1984ರಲ್ಲಿ ನಿಲ್ಲಿಸಿದರು.

ಆದರೆ ಅದರೊಳಗೆ ಎರಡು ಸಂಗತಿಗಳಿದ್ದವು. ಒಂದು, ಮೇಲುಗಡೆ ಸಾಲಾಗಿ ಆರು ಚಿಕ್ಕ ನಾಬ್‌ಗಳು. ಕಟಾಫ್, ರೆಸೊನೆನ್ಸ್ ಎರಡೂ ಅದರಲ್ಲಿವೆ. ಇನ್ನೊಂದು, ಸ್ಲೈಡ್. ಒಂದು ಸ್ವರದಿಂದ ಇನ್ನೊಂದಕ್ಕೆ ನೆಗೆಯದೆ ಜಾರಿಕೊಂಡು ಹೋಗುವ ಸೌಕರ್ಯ. ನಮ್ಮಲ್ಲಿ ಜಾರು ಎನ್ನುತ್ತೇವೆ, ಹಿಂದುಸ್ತಾನಿಯಲ್ಲಿ ಮೀಂಡ್.

ಮುಂಬೈಯಲ್ಲಿ ಚರಣ್‌ಜಿತ್ ಸಿಂಗ್ ಎಂಬ ಸಂಗೀತಗಾರರಿದ್ದರು. ಹಿಂದಿ ಸಿನಿಮಾ ವಾದ್ಯವೃಂದಗಳಲ್ಲಿ ನುಡಿಸುತ್ತಿದ್ದವರು. ಅವರು ಸಿಂಗಾಪುರದಿಂದ ಈ ಟಿಬಿ-303, ಟಿಆರ್-808 ಎಂಬ ತಾಳದ ಯಂತ್ರ ಮತ್ತು ಜುಪಿಟರ್-8 ಎಂಬ ದೊಡ್ಡ ಕೀಬೋರ್ಡ್ ತಂದುಕೊಂಡರು. 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿ ಒಂದು ರೆಕಾರ್ಡ್ ಮಾಡಿದರು. ಯಮನ್, ತೋಡಿ, ಮಾಲ್ಕೌಂಸ್ ಎಲ್ಲ ಅದರಲ್ಲಿವೆ. ಕೆಳಗೆ 303 ಒಂದೇ ಸಾಲನ್ನು ಜಾರುತ್ತಾ ತಿರುಗಿಸುತ್ತದೆ, ಮೇಲೆ ರಾಗ ಬೆಳೆಯುತ್ತದೆ. ಜಾರುವ ಯಂತ್ರ ಸಿಕ್ಕಾಗ ರಾಗ ಬಲ್ಲವರ ಕೈ ಅಲ್ಲಿಗೇ ಹೋಗಿದ್ದು ನನಗೆ ಸಹಜ ಅನಿಸುತ್ತದೆ. ಆಗ ಆ ರೆಕಾರ್ಡನ್ನು ಕೇಳಿದವರು ಕಡಿಮೆ.

ಕೆಲವು ವರ್ಷಗಳ ನಂತರ ಷಿಕಾಗೋದಲ್ಲಿ ಫ್ಯೂಚರ್ ಎಂಬ ಮೂವರು ಹುಡುಗರ ತಂಡಕ್ಕೆ ಸೆಕೆಂಡ್ ಹ್ಯಾಂಡ್ 303 ಸಿಕ್ಕಿತು. ಅವರಲ್ಲೊಬ್ಬರಾದ ಡಿಜೆ ಪಿಯರ್ ನಾಬ್‌ಗಳನ್ನು ಸುಮ್ನೆ ತಿರುಗಿಸತೊಡಗಿದರು. ಯಂತ್ರ ಕೀಚಲು ದನಿಯಲ್ಲಿ ಅರಚಿತು, ಗೊಣಗಿತು, ಮತ್ತೆ ಬಾಯಿ ತೆರೆಯಿತು. ಅವರು ಅದನ್ನೇ ಹನ್ನೊಂದು ನಿಮಿಷಕ್ಕೂ ಮೇಲೆ ಎಳೆದು "ಆಸಿಡ್ ಟ್ರ್ಯಾಕ್ಸ್" ಎಂದು 1987ರಲ್ಲಿ ಹೊರತಂದರು. ಅದರಿಂದ ಆಸಿಡ್ ಹೌಸ್ ಎಂಬ ನೃತ್ಯಸಂಗೀತದ ಪ್ರಕಾರವೇ ಬೆಳೆದು ಯುರೋಪಿಗೆ ಹಬ್ಬಿತು. 2010ರಲ್ಲಿ ಚರಣ್‌ಜಿತ್ ಸಿಂಗ್ ಅವರ ರೆಕಾರ್ಡ್ ಮರುಬಿಡುಗಡೆಯಾದಾಗ ಕೇಳಿದವರು ದಂಗಾದರು. ಷಿಕಾಗೋದ ದನಿಗೆ ಅಷ್ಟು ಹತ್ತಿರದ ದನಿ, ಅದಕ್ಕಿಂತ ಐದು ವರ್ಷ ಮುಂಚೆ, ಮುಂಬೈಯಲ್ಲಿ. 2015ರಲ್ಲಿ ತೀರಿಕೊಳ್ಳುವ ಮುಂಚೆ ಅವರು ಈ ರಾಗಗಳನ್ನು ವಿದೇಶದ ವೇದಿಕೆಗಳಲ್ಲಿ ನುಡಿಸಿದರು. ಅದೊಂದು ಸಮಾಧಾನ.

ಬೆಂಗಳೂರಿನ ಪೆಟ್ಟಿಗೆ

ಇದೇ ಕಾಲದಲ್ಲಿ ಬೆಂಗಳೂರಿನಲ್ಲಿ ಇನ್ನೊಂದು ಪೆಟ್ಟಿಗೆ ಹುಟ್ಟಿತು. ಅದು ಸಿಂಥಸೈಜರ್ ಅಲ್ಲ, ಆದರೆ ನೆಂಟಸ್ತಿಕೆ ಇದೆ. ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದ ಕೊಳಲು ವಾದಕ ಜಿ. ರಾಜ್ ನಾರಾಯಣ್ 1970ರ ದಶಕದ ಕೊನೆಯ ಹೊತ್ತಿಗೆ ಎಲೆಕ್ಟ್ರಾನಿಕ್ ತಂಬೂರಿ ಮಾಡಿದರು. ಅವರ ರಾಡೆಲ್ ಕಂಪನಿಯ ಪೆಟ್ಟಿಗೆ ಎಷ್ಟು ಮನೆಗಳಲ್ಲಿಲ್ಲ! ಆಳೆತ್ತರದ ತಂಬೂರಿಯನ್ನು ಬಸ್ಸಿನಲ್ಲಿ ಒಯ್ಯುವ ಕಷ್ಟ ಹಾಡುಗಾರರಿಗೇ ಗೊತ್ತು. ಬುರುಡೆ ಒಡೆಯಬಾರದು, ಬಿರಟೆ ಜಾರಬಾರದು. ಅಲ್ಲೂ ಕೇಳಿದ್ದು ಅದೇ ಪ್ರಶ್ನೆ. ನಾದವನ್ನು ಕೈಚೀಲದಲ್ಲಿ ಒಯ್ಯಲು ಆಗುತ್ತದೆಯೇ?

ಹೋದದ್ದು, ಮರಳಿದ್ದು

1983ರಲ್ಲಿ ಯಮಹಾ ಡಿಎಕ್ಸ್-7 ಎಂಬ ಸಿಂಥಸೈಜರ್ ಬಂತು. ಅದು ಡಿಜಿಟಲ್. ಅಂಕಿಗಳ ಲೆಕ್ಕದಲ್ಲಿ ದನಿ ಹುಟ್ಟಿಸುತ್ತಿತ್ತು. ಶ್ರುತಿ ಜಾರುವುದಿಲ್ಲ, ಒಟ್ಟಿಗೆ 16 ಸ್ವರ ನುಡಿಯುತ್ತದೆ, ಒಂದು ಬಟನ್ ಒತ್ತಿದರೆ ಬೇರೆ ದನಿ. ಜನ ಹಳೆಯದನ್ನು ಮಾರಿ ಹೊಸದು ಕೊಂಡರು. ಹೀಗೆ ಅನಲಾಗ್ ಯಂತ್ರಗಳು ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಅಗ್ಗಕ್ಕೆ ಬಂದವು. ದುಡ್ಡಿಲ್ಲದ ಹುಡುಗರ ಕೈಗೆ ಅವು ಸಿಕ್ಕಿದ್ದು ಹೀಗೇ.

ಆದರೆ ಡಿಎಕ್ಸ್-7ರಲ್ಲಿ ನಾಬ್‌ಗಳಿರಲಿಲ್ಲ. ದನಿ ಬದಲಿಸಬೇಕಾದರೆ ಬಟನ್ ಒತ್ತುತ್ತಾ ಚಿಕ್ಕ ಪರದೆಯಲ್ಲಿ ಅಂಕಿ ತಿದ್ದಬೇಕು. ನುಡಿಸುತ್ತಿರುವಾಗಲೇ ಕೈಯಿಂದ ದನಿ ಕೆತ್ತುವ ಖುಷಿ ಹೋಯಿತು. ಅದನ್ನು ಹುಡುಕಿಕೊಂಡು ಜನ ಮರಳಿದರು. 2010ರಲ್ಲಿ ಕೊರ್ಗ್ ಕಂಪನಿ ತನ್ನ 1978ರ ಎಂಎಸ್-20 ಯಂತ್ರದ ಫಿಲ್ಟರನ್ನು ಅಂಗೈಯಗಲದ ಮೊನೊಟ್ರಾನ್‌ನಲ್ಲಿ ಕೊಟ್ಟಿತು. 2013ರಲ್ಲಿ ಎಂಎಸ್-20 ಚಿಕ್ಕ ಗಾತ್ರದಲ್ಲಿ ಮತ್ತೆ ಬಂತು. 2016ರಲ್ಲಿ ಮಿನಿಮೂಗ್ ಕೂಡ. ಕೊಳ್ಳಲು ಆಗದವರಿಗೆ ಆಪ್ ಇದೆ. ಅದರಲ್ಲಿ ಬಿಸಿಯಾಗುವ ಟ್ರಾನ್ಸಿಸ್ಟರ್ ಇಲ್ಲ, ಅದರ ನಡವಳಿಕೆಯ ಲೆಕ್ಕವಿದೆ.

ನೀವೂ ತೆರೆದು ನೋಡುವುದಾದರೆ ಹೀಗೆ ಮಾಡಿ. ಒಂದೇ ಆಸಿಲೇಟರ್ ಇಟ್ಟುಕೊಂಡು ಸಾ-ಟೂತ್ ಆರಿಸಿ. ಕಟಾಫ್ ಪೂರ್ತಿ ಇಳಿಸಿ. ಒಂದು ಕೀಲಿ ಒತ್ತಿ ಹಿಡಿದು, ಕಟಾಫ್ ಮೆಲ್ಲಗೆ ಏರಿಸಿ. ಆಮೇಲೆ ರೆಸೊನೆನ್ಸ್ ಅರ್ಧ ಏರಿಸಿ ಮತ್ತೊಮ್ಮೆ. ವ್ಯತ್ಯಾಸ ಕಿವಿಗೇ ತಿಳಿಯುತ್ತದೆ.

ನನ್ನ ಅಕ್ಕನ ಮಗನಿಗೂ ಇಷ್ಟೇ ತೋರಿಸಿದ್ದೆ. ನಿನ್ನೆ ರಾತ್ರಿ ಫೋನ್ ಮಾಡಿದ್ದ. ಗ್ಲೈಡ್ ಅಂತ ಒಂದು ನಾಬ್ ಸಿಕ್ಕಿದೆಯಂತೆ, ಅದನ್ನು ಏರಿಸಿ ಮೋಹನ ನುಡಿಸಿದರೆ ಗಾಂಧಾರದಿಂದ ಪಂಚಮಕ್ಕೆ ಜಾರುತ್ತದಂತೆ. "ಕೇಳು ಮಾಮ" ಅಂದು ಮೊಬೈಲನ್ನು ಸ್ಪೀಕರಿನ ಹತ್ತಿರ ಹಿಡಿದ.